ಥೋರ್ಕಿಲ್‌ನ ಬೆನ್ನಿನ ಸಂದು

ನಾಲ್ಕು ತಿಂಗಳಿಗೊಮ್ಮೆ ಥೋರ್ಕಿಲ್ ತನ್ನೂರಾದ ಗ್ರೆನೋ ಬಂದರಿನಿಂದ ಓರ್ಹುಸ್ ನಗರದ ಆಸ್ಪತ್ರೆಗೆ ಹೋಗಿ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು ಬರಬೇಕಾಗಿತ್ತು. ವಯಸ್ಸು ನಲವತ್ತಮೂರು. ಸ್ನಾಯುಗಳು ಸೊರಗುತ್ತ ಹೋಗುವ ಕಾಯಿಲೆ ಹುಟ್ಟಿನಿಂದಲೇ ಬಂದದ್ದು. ಬೆನ್ನುಹುರಿಯ ಸುತ್ತಲಿನ ನೀರಿಗೆ ಔಷಧ ಸೇರಿದರೆ ಮಾತ್ರ ಫಲ. ಆದರೆ ಹದಿನಾಲ್ಕನೆಯ ವಯಸ್ಸಿನಲ್ಲಿ ಡೊಂಕು ಬೆನ್ನನ್ನು ಸರಿಪಡಿಸಲು ಹಾಕಿದ್ದ ಎರಡು ಉಕ್ಕಿನ ಸರಳುಗಳ ನಡುವೆ ಸೂಜಿಗೆ ದಾರಿಯೇ ಸಿಗುತ್ತಿರಲಿಲ್ಲ. ಹೋದ ಸಲ ಸ್ಕ್ಯಾನ್ ಯಂತ್ರದ ಗಟ್ಟಿ ಹಲಗೆಯ ಮೇಲೆ ಐದು ಸಲ ಚುಚ್ಚಿದ್ದರು. ಆಮೇಲೆ ಎಂಟು ದಿನ ತಲೆ ಎತ್ತಲಾಗದಷ್ಟು ನೋವು.

"ಇವತ್ತು ಹೇಳ್ಬಿಡ್ತೀನಿ, ಇನ್ನು ಸಾಕು ಅಂತ," ಎಂದ ವ್ಯಾನಿನಲ್ಲಿ.

"ಹೋದ್ ಸಲಾನೂ ಹಿಂಗೇ ಅಂದಿದ್ದೆ," ಎಂದಳು ಯೂರ್ಸಾ. ಒಂಬತ್ತು ವರ್ಷಗಳಿಂದ ಅವನನ್ನು ಎತ್ತಿ ಕೂರಿಸಿ, ಉಣ್ಣಿಸಿ, ಮಲಗಿಸುತ್ತಿದ್ದ ಸಹಾಯಕಿ, ಐವತ್ತಾರರ ಹೆಂಗಸು. "ಡಾಕ್ಟ್ರ ಮುಖ ಕಂಡ್ ತಕ್ಷಣ ನಿನ್ ಬಾಯಿಗೆ ಬೀಗ ಬೀಳುತ್ತೆ."

ಈ ಸಲ ಬೀಗ ಬೀಳಲಿಲ್ಲ. ಡಾಕ್ಟರ್ ಮಲೇನ ಎಂಬ ಹೊಸಬಳು ಕೋಣೆಗೆ ಬಂದು ಹೆಸರು ಹೇಳುತ್ತಿದ್ದಂತೆಯೇ ಅವನೆಂದ: "ನಾನು ನಿಲ್ಲಿಸ್ಬೇಕು ಅಂತಿದೀನಿ. ಔಷಧದ ಮೇಲೆ ಸಿಟ್ಟಿಲ್ಲ. ಸುಸ್ತಾಗಿದೆ, ಅಷ್ಟೆ."

ಅವಳು ವಾದಿಸಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. "ಔಷಧ ಶುರುವಾದ್ಮೇಲೆ ಏನಾದ್ರೂ ವ್ಯತ್ಯಾಸ ಇದೆಯಾ?"

"ಬಲಗೈ ಹೆಬ್ಬೆರಳು. ಮೂರ್ ವರ್ಷದಿಂದ ಹಂಗೇ ಇದೆ, ಕೆಟ್ಟಿಲ್ಲ." ಆ ಒಂದು ಬೆರಳಿನಿಂದಲೇ ಅವನು ಗಾಲಿಕುರ್ಚಿ ನಡೆಸುತ್ತಿದ್ದ, ಬಂದರಿನ ಕಚೇರಿಗೆ ಹಡಗುಗಳ ವೇಳಾಪಟ್ಟಿ ಹೊಂದಿಸುತ್ತಿದ್ದ. "ಹಿಂಗಿರೋದೇ ದೊಡ್ಡದು ಅಂತಾರೆ ಎಲ್ರೂ. ನಂಗೂ ಗೊತ್ತು."

"ಸರಿ. ಇವತ್ತು ಸೂಜಿ ಬೇಡ. ಅಲ್ಟ್ರಾಸೌಂಡಲ್ಲಿ ನಿಮ್ ಬೆನ್ನನ್ನ ಒಂದ್ಸಲ ನೋಡ್ಲಾ? ಬರೀ ನೋಡೋದು. ಆ ಹಲಗೆ ಮೇಲೆ ಮಲಗೋದೇನೂ ಬೇಡ, ಇದೇ ಹಾಸಿಗೇಲಿ ಪಕ್ಕಕ್ಕೆ ತಿರುಗಿದ್ರೆ ಸಾಕು."

ಬೇಡವೆನ್ನುವುದಕ್ಕೂ ಶಕ್ತಿ ಬೇಕಲ್ಲ. ಅವನು ಸುಮ್ಮನೆ ಹೂಂಗುಟ್ಟಿದ. ಯೂರ್ಸಾ ಅವನನ್ನು ಎಡಕ್ಕೆ ಹೊರಳಿಸಿ ಮಂಡಿಗಳ ನಡುವೆ ದಿಂಬಿಟ್ಟಳು. ಬೆನ್ನಿಗೆ ತಣ್ಣನೆಯ ಜೆಲ್ ತಾಗಿತು. ಮಲೇನ ಮುಷ್ಟಿಗಾತ್ರದ ಉಪಕರಣವನ್ನು ಅಂಗುಲ ಅಂಗುಲವಾಗಿ ಸರಿಸುತ್ತ ಇಪ್ಪತ್ತು ನಿಮಿಷ ಹುಡುಕಿದಳು. ಥೋರ್ಕಿಲ್‌ಗೆ ತೂಕಡಿಕೆ ಬಂತು.

"ನಡುವಿನಲ್ಲಿ ಎಲ್ಲಾ ಮುಚ್ಚಿಹೋಗಿದೆ," ಎಂದಳು ಕೊನೆಗೆ. "ಆದ್ರೆ ಬಲಗಡೆ, ಸರಳು ಮುಗಿಯೋ ಜಾಗದ ಕೆಳಗೆ, ಒಂದು ಸಂದಿದೆ. ನೋಡ್ತೀರಾ?"

ಪರದೆಯನ್ನು ಅವನ ಕಣ್ಣಿನ ಮಟ್ಟಕ್ಕೆ ತಿರುಗಿಸಿದಳು. ಮಸುಕು ಬೂದಿ ಬಣ್ಣದ ನಡುವೆ ಎರಡು ಬಿಳಿ ಗೆರೆಗಳು, ಅವುಗಳ ಮಧ್ಯೆ ಬೆರಳ ಉಗುರಿನಷ್ಟು ಕಪ್ಪು. ಇಷ್ಟು ವರ್ಷ ಎಲ್ಲರೂ 'ಕಷ್ಟದ ಬೆನ್ನು' ಎಂದೇ ಅವನ ಬೆನ್ನಿನ ಬಗ್ಗೆ ಮಾತಾಡಿದ್ದರು. ಅದರೊಳಗನ್ನು ಅವನಿಗೆ ಯಾರೂ ತೋರಿಸಿರಲಿಲ್ಲ.

"ಅದೇ ನೀರಾ?"

"ಅದೇ. ನಾಲ್ಕೂವರೆ ಸೆಂಟಿಮೀಟರ್ ಒಳಗೆ. ಸಿಕ್ಕೇ ಸಿಗುತ್ತೆ ಅಂತ ಮಾತು ಕೊಡಕ್ಕಾಗಲ್ಲ."

ಅವನು ಬಹಳ ಹೊತ್ತು ನೋಡಿದ. "ಎರಡು ಸಲ ಚುಚ್ಚಿ," ಎಂದ. "ಮೂರನೇದಕ್ಕೆ ನಾನ್ ಮನೆಗ್ ಹೋಗ್ತೀನಿ."

ಚರ್ಮದ ಮೇಲೆ ಪೆನ್ನಿನಿಂದ ಗುರುತು ಬಿತ್ತು, ಮರಗಟ್ಟಿಸುವ ಮದ್ದು ಉರಿಯಿತು. ಮೊದಲನೆಯ ಸೂಜಿ ಮೂಳೆಗೆ ತಾಗಿ ನಿಂತಿತು. ಯೂರ್ಸಾ ಅವನ ಹಣೆಯ ಬೆವರು ಒರೆಸಿದಳು. ಎರಡನೆಯದನ್ನು ಮಲೇನ ಪರದೆಯ ಮೇಲೆ ಕಣ್ಣಿಟ್ಟು, ಕೂದಲೆಳೆಯಷ್ಟು ಓರೆ ಮಾಡಿ ಒಳಬಿಟ್ಟಳು.

"ಬಂತು ಕಣೋ," ಎಂದು ಯೂರ್ಸಾ ಪಿಸುಗುಟ್ಟಿದಳು. "ತಿಳಿನೀರು. ತೊಟ್ಟು ತೊಟ್ಟಾಗಿ ಬರ್ತಿದೆ."

ಔಷಧ ಹೋಗಲು ಮೂರು ನಿಮಿಷ ಹಿಡಿಯಿತು. ಥೋರ್ಕಿಲ್‌ಗೆ ಖುಷಿಯೇನೂ ಆಗಲಿಲ್ಲ. ಅಳು ಬರುವಂತಾಯಿತು, ಅದಕ್ಕೂ ಸುಸ್ತೆನಿಸಿ ಕಣ್ಣು ಮುಚ್ಚಿದ.

ಆ ವಾರ ತಲೆನೋವು ಬರಲಿಲ್ಲ. ಜೂನ್‌ನಲ್ಲಿ ಮತ್ತೆ ಹೋದ. ಆಗಲೂ ಎರಡು ಸಲ ಚುಚ್ಚಬೇಕಾಯಿತು. ಅಕ್ಟೋಬರ್‌ನಲ್ಲಿ ಒಂದೇ ಸಲಕ್ಕೆ ಸಿಕ್ಕಿತು. ಹೋಗುವ ಹಿಂದಿನ ದಿನ ಅವನಿಗೆ ಈಗಲೂ ಊಟ ಸೇರುವುದಿಲ್ಲ.