ಅರ್ಧ ಗುಳಿಗೆ, ಹಿಡಿ ಹಕ್ಕರಿಕಿ

ಸೊಸೆಯ ಮೇಲೆ ನನಗೆ ಅನುಮಾನ ಬಂದದ್ದು ಗುಳಿಗೆಯಿಂದ. ನನ್ನ ಮಗ ಪಂಪಾಪತಿಯ ಹೃದಯಕ್ಕೆ ಹೋದ ವರ್ಷ ಲೋಹದ ಕವಾಟ ಹಾಕಿದ್ದಾರೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. ಹಾಗಾಗದಂತೆ ದಿನಾ ಸಂಜೆ ಅವನು ಗುಳಿಗೆ ನುಂಗಬೇಕು. ಗುಳಿಗೆ ಡಬ್ಬಿಯ ಯಜಮಾನಿಕೆ ಸೊಸೆ ವಿಶಾಖಾಳದು. ಮಾನ್ವಿಯವಳು, ಇಲ್ಲಿ ದೇವದುರ್ಗದ ಶಾಲೆಯಲ್ಲಿ ಟೀಚರ್. ಓದಿದವಳ ಮುಂದೆ ನನ್ನ ಮಾತು ಎಲ್ಲಿ ನಡೆಯಬೇಕು?

ಮೂರು ತಿಂಗಳಿಂದ ರಾಯಚೂರಿನಲ್ಲಿ ಪರೀಕ್ಷೆ ಮಾಡಿಸಿದಾಗಲೆಲ್ಲ ರಕ್ತ ದಪ್ಪ ಅಂತಲೇ ಬರುತ್ತಿತ್ತು. ಗುಳಿಗೆ ತಪ್ಪಿಸುತ್ತೀರಾ ಅಂತ ಡಾಕ್ಟರ್ ಆತಿಯಾ ಕೇಳಿದರಂತೆ. ಅಂದಿನಿಂದ ನಾನು ಕಣ್ಣಿಟ್ಟೆ. ಒಂದು ಸಂಜೆ ಸಿಕ್ಕಿಬಿದ್ದಳು. ಗುಳಿಗೆ ಮುರಿದು ಅರ್ಧ ಗಂಡನ ಅಂಗೈಗೆ ಹಾಕಿ, ಇನ್ನರ್ಧ ಚೀಟಿಯಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟಳು. ಮರುದಿನ ಆ ಚೀಟಿಯನ್ನು ನಾನೇ ಎತ್ತಿ ಸೆರಗಿಗೆ ಕಟ್ಟಿಕೊಂಡೆ.

ಇವಳು ಸೊಪ್ಪನ್ನೂ ಅಳೆದು ಬಡಿಸುತ್ತಿದ್ದಳು. "ಹೆಚ್ಚು ಹಾಕಬ್ಯಾಡ್ರಿ ಅತ್ತಿ, ಡಾಕ್ಟರ್ ಹೇಳ್ಯಾರ" ಅನ್ನುತ್ತಿದ್ದಳು. ರೊಟ್ಟಿಯ ಜೊತೆ ಹಸಿ ಸೊಪ್ಪಿಲ್ಲದೆ ನಮ್ಮಲ್ಲಿ ಊಟವುಂಟೇ? ಯಾವ ಡಾಕ್ಟರು ಸೊಪ್ಪು ಬೇಡ ಅನ್ನುತ್ತಾರೆ? ಅವಳು ಶಾಲೆಗೆ ಹೋದ ಮೇಲೆ, ಮಸರಕಲ್ಲಿನ ತಂಗಿ ಬೂದೆಮ್ಮ ತನ್ನ ಹೊಲದಿಂದ ಕಳಿಸುವ ಹಕ್ಕರಿಕಿ ಸೊಪ್ಪಿಗೆ ಶೇಂಗಾ ಚಟ್ನಿಪುಡಿ, ಎಣ್ಣೆ ಕಲಸಿ ಮಗನ ಮುಂದೆ ಇಡುತ್ತಿದ್ದೆ. ಅವನು ಹಿಂದೆಮುಂದೆ ನೋಡುತ್ತಿದ್ದ. "ತಿನ್ನಪಾ, ರಕ್ತ ಆಗ್ತದ. ಆಕಿಗಿ ಹೇಳಬ್ಯಾಡ" ಅಂದರೆ ನನ್ನ ಮನಸ್ಸಿಗೋಸ್ಕರ ತಿನ್ನುತ್ತಿದ್ದ.

ಪಕ್ಕದಲ್ಲಿ ಕೂತರೆ ಅವನ ಎದೆಯೊಳಗಿನ ಕವಾಟ ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು. ಹೋದ ವಾರದಿಂದ ಆ ಸದ್ದು ಮಂದವಾಯಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಸೊಸೆ ರಜೆ ಹಾಕಿ ರಾಯಚೂರಿಗೆ ಹೊರಡಿಸಿದಳು. ನಾನೂ ಬಸ್ಸು ಹತ್ತಿದೆ.

ಡಾಕ್ಟರ ಮುಂದೆ ಸೆರಗಿನ ಗಂಟು ಬಿಚ್ಚಿದೆ. "ನೋಡ್ರಿ ಮೇಡಂ, ಈಕಿ ಕಳ್ಳತನ! ನನ್ನ ಮಗಗ ಅರ್ಧಾನ ಕೊಡಾಕತ್ತಾಳ."

ಡಾಕ್ಟರ್ ನನ್ನನ್ನೇ ನೋಡಿದರು. "ಬಸ್ಸಮ್ಮಾ, ದಿನ ಬಿಟ್ಟು ದಿನ ಒಂದೂವರಿ, ಅಂದ್ರ ಒಂದು ಪೂರಾ, ಮ್ಯಾಲ ಅರ್ಧ ಕೊಡು ಅಂತ ನಾನೇ ಬರ್ದೀನಿ. ಇದು ಮುಂದಿನ ಸರ್ತಿಗೆ ಇಟ್ಟಿದ್ದ ಅರ್ಧ."

ನನಗೆ ನಂಬಿಕೆ ಬರಲಿಲ್ಲ. ಇಬ್ಬರೂ ಸೇರಿಕೊಂಡಿದ್ದಾರೆ ಅಂತಲೇ ಅನ್ನಿಸಿತು.

ಅವರು ಮಗನ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. "ಕವಾಟದ ಮ್ಯಾಲ ರಕ್ತ ಹೆಪ್ಪುಗಟ್ಟಾಕತ್ತಂಗ ಅದ. ಈಗಲೇ ಭರ್ತಿ ಆಗಬೇಕು. ಗುಳಿಗಿ ತಪ್ಪಿಲ್ಲಂದ್ರ ಊಟದಾಗ ಏನರ ಇರ್ಬೇಕು. ಹಸಿ ಸೊಪ್ಪಿನಾಗ ವಿಟಮಿನ್ ಕೆ ಇರ್ತದ, ರಕ್ತ ಹೆಪ್ಪುಗಟ್ಟೋದು ಅದರಿಂದಾನ. ಎಣ್ಣಿ ಜೋಡಿ ತಿಂದ್ರ ಇನ್ನೂ ಚಲೋ ಮೈಗೆ ಹತ್ತತದ. ನಮಗ ನಿಮಗ ಅದು ಬೇಕು. ಈತ ಮಾತ್ರ ದಿನಾ ಒಂದೇ ಅಳತಿ ತಿನ್ನಬೇಕು, ಹೆಚ್ಚಾದ್ರ ಗುಳಿಗಿ ಸೋಲ್ತದ. ಭಾಳ ತಿಂತೀಯೇನಪಾ?"

"ಇಲ್ರೀ" ಅಂದ ಪಂಪಾಪತಿ, ನನ್ನ ಕಡೆ ನೋಡದೆ.

ನನ್ನ ತೊಡೆಯ ಮೇಲಿನ ಚೀಲದಲ್ಲಿ, ರೊಟ್ಟಿ ಗಂಟಿನ ಜೊತೆ, ಬೆಳಿಗ್ಗೆ ತೊಳೆದ ಎರಡು ಹಿಡಿ ಹಕ್ಕರಿಕಿ ಇತ್ತು. ಅದನ್ನು ತೆಗೆದು ಆ ಅರ್ಧ ಗುಳಿಗೆಯ ಪಕ್ಕ ಇಟ್ಟೆ.

"ನಾನ ಕೊಟ್ಟೀನ್ರಿ."

ವಿಶಾಖಾ ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಪೆನ್ನು ತೆಗೆದಳು. "ಎಷ್ಟು ದಿನ ಕೊಟ್ರಿ ಅತ್ತಿ? ದಿನಕ್ಕ ಎಷ್ಟು ಹಿಡಿ? ಖರೇ ಹೇಳ್ರಿ, ಡಾಕ್ಟರಿಗೆ ಬೇಕು."

ನಾನು ಬೆರಳು ಮಡಚಿ ಎಣಿಸತೊಡಗಿದೆ. ಎರಡೂ ಕೈಯ ಬೆರಳು ಮುಗಿದರೂ ಎಣಿಕೆ ಮುಗಿಯಲಿಲ್ಲ.