ಡೋಲ್ಮಾಳ ದೇವರಿಗೆ ಹೊತ್ತ ಹರಕೆ

ನನ್ನ ಗಂಡ ಗೋಪಾಲನ್ ಇನ್ನೂರು ಹೆಜ್ಜೆ ದೂರದ ಹಾಲಿನ ಸೊಸೈಟಿಗೂ ಸ್ಕೂಟರ್ ತೆಗೆಯುವ ಆಸಾಮಿ. ಅಂಥವರನ್ನು ಪಯ್ಯಂಪಳ್ಳಿಯಿಂದ ಬೈಲಕುಪ್ಪೆಯ ಬುದ್ಧನ ಗುಡಿಗೆ, ನೂರು ಕಿಲೋಮೀಟರಿಗೂ ಮೇಲೆ, ನಡೆಸಿಕೊಂಡು ಹೊರಟರೆ ಊರವರು ನಗದೆ ಇರುತ್ತಾರೆಯೇ?

ಹರಕೆ ನನ್ನದು. ಮೂರು ವರ್ಷದ ಹಿಂದೆ ಇವರ ಎದೆ ಕೊಯ್ದು ಆಪರೇಷನ್ ಮಾಡುವಾಗ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಜೊತೆ ಕೂತವಳು ಡೋಲ್ಮಾ. ಚಳಿಗಾಲದಲ್ಲಿ ಬೈಲಕುಪ್ಪೆಯಿಂದ ಬಂದು ಮಾನಂದವಾಡಿಯಲ್ಲಿ ನಮ್ಮ ಅಂಗಡಿ ಪಕ್ಕ ಸ್ವೆಟರ್ ಮಾರುವವಳು. ಜಪಮಣಿ ಎಣಿಸುತ್ತಾ ಇಡೀ ಹಗಲು ಕದಲಲಿಲ್ಲ. ಆಗ ನಾನು ಅವಳ ದೇವರಿಗೇ ಹೇಳಿಕೊಂಡೆ: ಇವರು ಬದುಕಿದರೆ ಇಬ್ಬರೂ ಪೂರ್ತಿ ದಾರಿ ನಡೆದೇ ಬರುತ್ತೇವೆ. ಡಾಕ್ಟರು ನಡೆಯಬಹುದು ಎಂದದ್ದು ಈ ವರ್ಷ.

"ತಿರುನೆಲ್ಲಿ ಪೆರುಮಾಳ್ ಇಲ್ಲೇ ಹತ್ರ ಅವನೆ, ಬಸ್ಸೂ ಉಂಟು. ಅವನ್ನ ಬಿಟ್ಟು ಗಡಿಯಾಚೆ ದೇವರನ್ನ ಹಿಡ್ದಿಯಲ್ಲ ಶಾರದಾ!" ದಾರಿಯುದ್ದಕ್ಕೂ ಇವರದು ಇದೇ ರಾಗ.

"ಬಾಯಿ ನಡೆಸಿದ್ದು ಸಾಕು, ಕಾಲು ನಡೆಸಿ."

"ನಡೆಯೋದು ನಾನು, ಪುಣ್ಯ ನಿನಗೆ. ಚೆನ್ನಾಗದೆ ವ್ಯಾಪಾರ!"

ಕಾಟಿಕುಳಂ ದಾಟುವಷ್ಟರಲ್ಲಿ ಮೂರು ಚಾಯ ಆಗಿತ್ತು. ನಾನು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದಾಗ ಒಂದು ಪಳಂಪೊರಿಯೂ ಆಗಿತ್ತು. ಎಣ್ಣೆಯಲ್ಲಿ ಕರಿದ ಬಾಳೆಹಣ್ಣು, ಎದೆ ಕೊಯ್ಸಿಕೊಂಡವರಿಗೆ!

ಕಾಡು ಶುರುವಾಗುವಲ್ಲಿ ಗಾರ್ಡು ಜಯನ್ ಕೈ ಅಡ್ಡ ಹಿಡಿದ.

"ಚೇಚಿ, ಇನ್ನು ನಡ್ಕೊಂಡು ಹೋಗೋಕೆ ಬಿಡಲ್ಲ. ಆನೆ ಉಂಟು. ಬಸ್ ಬರ್ತದೆ, ಹತ್ತಿ."

ಹರಕೆ ಎಂದೆ. ಇವರ ಎದೆಯ ಗಾಯದ ಗುರುತು ತೋರಿಸಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅವನ ತಪ್ಪೂ ಅಲ್ಲ ಬಿಡಿ. ವಯನಾಡಿನಲ್ಲೇ ಹುಟ್ಟಿ ಬೆಳೆದವಳು ನಾನು, ಹರಕೆ ಹೊರುವಾಗ ಆನೆಯೇ ನೆನಪಾಗಲಿಲ್ಲ. ನನ್ನ ಬುದ್ಧಿಗಿಷ್ಟು! ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

"ಹರಕೆ ಮುರಿದು ನಿಮಗೇನಾದ್ರೂ ಆದ್ರೆ?"

ಇವರು ಪಕ್ಕದಲ್ಲಿ ಕೂತರು. "ಒಂದು ಮಾತು ಹೇಳ್ತೀನಿ, ಬೈಬಾರ್ದು. ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗೋವಾಗ ನಾನೂ ಒಂದು ಹರಕೆ ಹೊತ್ತಿದ್ದೆ. ಬದುಕಿದ್ರೆ ಇನ್ನು ಶಾರದನ್ನ ಗೇಲಿ ಮಾಡಲ್ಲ ಅಂತ."

ನಾನು ಕಣ್ಣೊರೆಸಿಕೊಂಡು ನೋಡಿದೆ. ಆಪರೇಷನ್ ಆಗಿ ನಾಲ್ಕನೇ ದಿನ ನಾನು ಗಂಜಿ ಕುಡಿಸಿದರೆ, ಇದು ಗಂಜಿಯೋ ಗೋಡೆಗೆ ಬಳಿಯುವ ಸುಣ್ಣವೋ ಎಂದು ಕೇಳಿದ ಮನುಷ್ಯ!

"ಮುರಿದು ಮೂರು ವರ್ಷ ಆಯ್ತು. ನನಗೇನಾಯ್ತು? ಗುಂಡುಕಲ್ಲಿನ ಹಾಗೆ ಇದೀನಿ. ಏಳು, ಬಸ್ ಬಂತು."

ಹತ್ತಿ ಕಿಟಕಿ ಪಕ್ಕ ಕೂತೆ. ನಗು ಬಂದಿತ್ತು, ಆದರೆ ಹೆದರಿಕೆ ಹೋಗಿರಲಿಲ್ಲ. ಪಕ್ಕದ ಸೀಟು ಖಾಲಿಯೇ ಇತ್ತು. ತಿರುಗಿ ನೋಡಿದರೆ ಇವರು ಮೇಲಿನ ಕಂಬಿ ಹಿಡಿದು ಬಸ್ಸಿನ ಹಿಂದಿನಿಂದ ಮುಂದಕ್ಕೆ ನಡೆದು ಬರುತ್ತಿದ್ದರು. ಡ್ರೈವರನ ಹತ್ತಿರ ಹೋಗಿ ಮತ್ತೆ ಹಿಂದಕ್ಕೆ.

"ಚೇಟಾ, ಸೀಟ್ ಉಂಟಲ್ಲ, ಕೂತ್ಕೊಳ್ಳಿ. ಎಲ್ಲಿಗೆ?" ಎಂದ ಕಂಡಕ್ಟರ್.

"ಕಾಡು ಮುಗಿಯೋ ತೋಲ್ಪೆಟ್ಟಿಗೆ. ನಡ್ಕೊಂಡು. ಎರಡು ಟಿಕೆಟ್ ಕೊಡು."

ಬಸ್ಸಿಗೆ ಬಸ್ಸೇ ನಕ್ಕಿತು. ಪ್ರತಿ ತಿರುವಿನಲ್ಲೂ ಯಾರದಾದರೂ ಕಾಲು ತುಳಿದು ಕ್ಷಮೆ ಕೇಳುತ್ತಿದ್ದರು. ನನ್ನ ಸೀಟಿನ ಹತ್ತಿರ ಬಂದಾಗ ಅಂಗಿ ಹಿಡಿದೆಳೆದೆ.

"ಮುರಿದ್ರೆ ಏನೂ ಆಗಲ್ಲ ಅಂದ್ರಲ್ಲ?"

"ನನಗೇನೂ ಆಗಲ್ಲ. ನಿನಗೆ ನಿದ್ದೆ ಬರಲ್ಲವಲ್ಲ."

ನಾನೂ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇವರ ಹಿಂದೆಯೇ ನಡೆದೆ.