ಟೀಚರ ಸ್ವಂತ ಮಗಳು

ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುವ ಟೀಚರು ತನ್ನ ಸ್ವಂತ ಮಗಳನ್ನು ಖಾಸಗಿ ಶಾಲೆಗೆ ಸೇರಿಸಿದ್ದಳು. ಇದರಲ್ಲಿ ಹೊಸದೇನೂ ಇಲ್ಲ ಬಿಡಿ. ಆ ಸ್ಟಾಫ್ ರೂಮಿನಲ್ಲಿ ಕೂರುವ ಐವರದೂ ಅದೇ ಕಥೆ. ಖಾಸಗಿ ಶಾಲೆಯಲ್ಲಿ ಅದೇ ಮೂರನೇ ತರಗತಿಯಲ್ಲಿದ್ದ ಮಗಳು ಪುಟ್ಟಿಯ ನೋಟ್‌ಬುಕ್ಕು ನೋಡಿದವರೆಲ್ಲ ಕಣ್ಣರಳಿಸುತ್ತಿದ್ದರು: ಮುತ್ತು ಪೋಣಿಸಿದಂಥ ಅಕ್ಷರ, ಪುಟಕ್ಕೊಂದು ನಕ್ಷತ್ರ. ಟೀಚರು ಬೀಗುತ್ತಿದ್ದಳು. ದಿನವಿಡೀ ಊರ ಮಕ್ಕಳಿಗೆ ಗಂಟಲು ಹರಿದುಕೊಂಡು ಬಂದವಳಿಗೆ ಮನೆಯಲ್ಲಿ ಮತ್ತೆ ಪುಸ್ತಕ ಹಿಡಿಯುವ ತ್ರಾಣ ಉಳಿಯುತ್ತಿರಲಿಲ್ಲ. ಹಿಡಿಯುವ ಅಗತ್ಯವೂ ಕಂಡಿರಲಿಲ್ಲ.

ಒಂದು ದಿನ ಪುಟ್ಟಿಯ ಶಾಲೆಗೆ ಮಾತ್ರ ರಜೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಟೀಚರು ಅವಳನ್ನು ತನ್ನ ತರಗತಿಗೇ ಕರೆತಂದಳು. ಅಲ್ಲಿ ಬೆಳಗಿನ ಮೊದಲ ಕೆಲಸ ಚೀಟಿ. ಬಿಸ್ಕತ್ತಿನ ಡಬ್ಬಿಯ ತುಂಬ ಟೀಚರೇ ಬರೆದಿಟ್ಟ ಚೀಟಿಗಳು. ಒಬ್ಬೊಬ್ಬರೂ ಒಂದನ್ನೆತ್ತಿ, ಮನಸ್ಸಿನಲ್ಲೇ ಓದಿಕೊಂಡು, ಅದರಲ್ಲಿದ್ದಂತೆ ಮಾಡಬೇಕು. ಶಾಲೆಯ ಕಸ ಗುಡಿಸುವವಳ ಮಗಳು ಚೀಟಿ ಓದಿ, ಎದ್ದು ಹೋಗಿ ಕಿಟಕಿ ತೆಗೆದು, ಮೂರು ಸಲ ಕಾಗೆಯಂತೆ ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಪುಟ್ಟಿಯ ಸರದಿ ಬಂತು. ಚಪ್ಪಲಿಯನ್ನು ಬಾಗಿಲ ಹಿಂದೆ ಅಡಗಿಸು ಎಂದಿತ್ತು ಅವಳ ಚೀಟಿಯಲ್ಲಿ. ಅವಳು ಅದನ್ನು ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ಕೈಕಟ್ಟಿ ನೆಟ್ಟಗೆ ನಿಂತು ತನ್ನ ಪುಸ್ತಕದ ಮೊದಲ ಪಾಠವನ್ನು ಗಡಗಡ ಒಪ್ಪಿಸತೊಡಗಿದಳು. ಒಂದಕ್ಷರ ತಪ್ಪಿಲ್ಲ. ಇದೂ ತಮಾಷೆಯೆಂದು ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರು ಅವಳ ಕೈಯಿಂದ ಚೀಟಿ ತೆಗೆದುಕೊಂಡು ನೋಡಿದಳು. ಇಂಥ ಮಕ್ಕಳನ್ನು ಅವಳು ಹನ್ನೆರಡು ವರ್ಷದಿಂದ ಕಂಡವಳು. ವರ್ಷದ ಮೊದಲ ವಾರದಲ್ಲೇ ಪತ್ತೆ ಹಚ್ಚಿ ಪಕ್ಕದಲ್ಲಿ ಕೂರಿಸಿಕೊಂಡು ಓದಲು ಕಲಿಸುತ್ತಿದ್ದಳು.

ಸಂಜೆ ಮನೆಯಲ್ಲಿ ಪಾಠದ ಚಿತ್ರವನ್ನು ಅಂಗೈಯಿಂದ ಮುಚ್ಚಿ ಓದು ಎಂದಳು. ಚಿತ್ರ ಕಾಣದೆ ಪುಟ್ಟಿಗೆ ಅದು ಯಾವ ಪಾಠವೆಂದೇ ತಿಳಿಯಲಿಲ್ಲ. ಎರಡೂ ಶಾಲೆಯ ಭಾಷೆ ಒಂದೇ, ಪುಸ್ತಕವೂ ಒಂದೇ. ನೆಪ ಹೇಳಿಕೊಳ್ಳಲೂ ದಾರಿಯಿರಲಿಲ್ಲ. ಬೋರ್ಡಿನ ಮೇಲಿದ್ದ ಉತ್ತರಗಳನ್ನು ಹುಡುಗಿ ಮೂರು ವರ್ಷ ರಂಗುರಂಗಾಗಿ ನಕಲು ಮಾಡಿದ್ದಳು, ಅಷ್ಟೆ. ಖಾಸಗಿ ಶಾಲೆಯ ಮಿಸ್ಸಿಗೆ ಐವತ್ತು ಮಕ್ಕಳು. ನೋಟ್‌ಬುಕ್ಕು ಅಂದವಾಗಿದ್ದರೆ ಮಗು ಜಾಣೆ. ಆಕೆಯನ್ನು ಬೈಯಬೇಕೆಂದು ಫೋನೆತ್ತಿದ ಟೀಚರು ಅದನ್ನು ಹಾಗೇ ಕೆಳಗಿಟ್ಟಳು. ಅದೇ ನೋಟ್‌ಬುಕ್ಕನ್ನು ತಾನೂ ನೆಂಟರಿಗೆಲ್ಲ ತೋರಿಸಿಕೊಂಡು ತಿರುಗಿದವಳಲ್ಲವೆ?

ಪುಟ್ಟಿಯನ್ನು ತನ್ನ ತರಗತಿಗೇ ಸೇರಿಸಿಕೊಳ್ಳುತ್ತೇನೆಂದು ಗಂಡನಿಗೆ ಹೇಳಿದಳು. ನಾಲ್ಕು ಜನರ ಮುಂದೆ ತಲೆಯೆತ್ತುವುದು ಹೇಗೆ ಎಂದು ಆತ ಗೊಣಗಿದ. ಆಮೇಲೆ ಮಗಳ ಮುಖ ನೋಡಿ, ನಿನ್ನಿಷ್ಟ ಎಂದ. ಒಪ್ಪದವಳು ಪುಟ್ಟಿಯೇ.

"ನಾನು ಅಲ್ಲಿಗೆ ಬರಲ್ಲಮ್ಮ."

"ಯಾಕೆ ಕಂದ? ಅಲ್ಲಿ ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿತ್ತು. ಆದ್ರೆ ನಂಗೆ ಓದಕ್ಕೆ ಬರಲ್ಲ ಅಂತ ಅಲ್ಲಿ ಒಂದೇ ದಿನಕ್ಕೆ ಗೊತ್ತಾಗ್ಹೋಯ್ತು. ನಮ್ ಸ್ಕೂಲಲ್ಲಿ ಇಷ್ಟು ದಿನ ಯಾರಿಗೂ ಗೊತ್ತಾಗಿಲ್ಲ."

ಟೀಚರು ತಬ್ಬಿಕೊಳ್ಳಲು ಕೈ ಚಾಚಿದಳು. ಪುಟ್ಟಿ ಅವಳ ತೋಳಿನೊಳಗೆ ಸೇರಿಕೊಂಡು, ಬಚ್ಚಿಟ್ಟುಕೊಳ್ಳುವ ಆಟದಲ್ಲಿ ಗೆದ್ದವಳ ಹಾಗೆ ಮೆಲ್ಲಗೆ ಕೇಳಿದಳು:

"ನಿಂಗೂ ಗೊತ್ತಾಗಿರ್ಲಿಲ್ಲ, ಅಲ್ವಾ ಅಮ್ಮಾ?"